ತವರಿನ ಸೋಲು, ತಪ್ಪು ಪಂದ್ಯದ ಮೇಲೆ ಬೀಳುವ ಸಿಟ್ಟು

2023ರ ಫೆಬ್ರವರಿ 15ರಂದು ಲಂಡನ್ನಿನ ಎಮಿರೇಟ್ಸ್ ಕ್ರೀಡಾಂಗಣದಲ್ಲಿ ಮ್ಯಾಂಚೆಸ್ಟರ್ ಸಿಟಿ 3–1 ಗೋಲುಗಳಿಂದ ಆರ್ಸೆನಲ್ ತಂಡವನ್ನು ಸೋಲಿಸಿದಾಗ ದಾವಣಗೆರೆಯಲ್ಲಿ ಬೆಳಗಿನ ಜಾವ ಮೂರು ಗಂಟೆ ಸಮೀಪಿಸಿತ್ತು. ಎಂ.ಸಿ.ಸಿ. ‘ಬಿ’ ಬ್ಲಾಕ್‌ನ ಬಾಡಿಗೆ ಕೋಣೆಯೊಂದರಲ್ಲಿ ಒಟ್ಟಿಗೆ ಕುಳಿತು ಪಂದ್ಯ ನೋಡಿದ ಆರ್ಸೆನಲ್ ಅಭಿಮಾನಿಗಳಾದ ನಮಗೆ ಎದ್ದು ಮನೆಗೆ ಹೋಗುವ ಮನಸ್ಸೂ ಇರಲಿಲ್ಲ. ನಮ್ಮ ಕೋಚ್ ಮಿಕೆಲ್ ಆರ್ಟೆಟಾ ಅವರಿಗೆ ದೊಡ್ಡ ಪಂದ್ಯ ಗೆಲ್ಲುವ ಎದೆಗಾರಿಕೆಯೇ ಇಲ್ಲವೆಂದು ಒಬ್ಬ ಹೇಳಿದ. ಗೋಲ್‌ಕೀಪರ್‌ಗೆ ಕೊಡಬೇಕಿದ್ದ ಬ್ಯಾಕ್ ಪಾಸ್ ಹಾಳುಮಾಡಿದ ಜಪಾನಿನ ರಕ್ಷಣಾ ಆಟಗಾರ ತಾಕೆಹಿರೊ ತೊಮಿಯಾಸು ಅವರನ್ನು ಬೇಸಿಗೆಯಲ್ಲೇ ಮಾರಿಬಿಡಬೇಕೆಂದು ಇನ್ನೊಬ್ಬ ಹಟ ಹಿಡಿದ. ಎಲ್ಲರೂ ಒಪ್ಪಿದ ಮಾತು ಮಾತ್ರ ಒಂದೇ: ಇಂಗ್ಲಿಷ್ ಪ್ರೀಮಿಯರ್ ಲೀಗ್ ಇವತ್ತೇ ಕೈತಪ್ಪಿತು.

ಕೈತಪ್ಪಿರಲಿಲ್ಲ. ಮೂರೇ ದಿನಗಳಲ್ಲಿ ಆರ್ಸೆನಲ್ ಮತ್ತೆ ಅಂಕಪಟ್ಟಿಯ ತುದಿಗೇರಿತು. ಫೆಬ್ರವರಿ 18ರಂದು ಆಸ್ಟನ್ ವಿಲ್ಲಾ ಅಂಗಳದಲ್ಲಿ ಪಂದ್ಯ 2–2ರಲ್ಲಿ ಮುಗಿಯಿತು ಎನ್ನುವಾಗ, 90 ನಿಮಿಷದ ಮೇಲೆ ಸೇರಿಸುವ ಇಂಜುರಿ ಸಮಯದಲ್ಲಿ ಎರಡು ಗೋಲು ಬಂದು ತಂಡ 4–2ರಿಂದ ಗೆದ್ದಿತು. ಅದೇ ದಿನ ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡ 84ನೇ ನಿಮಿಷದಲ್ಲಿ ಗೋಲು ಹೊಡೆದು ಸಿಟಿಯನ್ನು 1–1ಕ್ಕೆ ಕಟ್ಟಿಹಾಕಿತು. ಅಲ್ಲಿಂದ ಆರ್ಸೆನಲ್‌ಗೆ ಸತತ ಏಳು ಜಯ. ಏಪ್ರಿಲ್ 1ರ ರಾತ್ರಿ ಅಂಕಪಟ್ಟಿಯಲ್ಲಿ ಆರ್ಸೆನಲ್ 72, ಸಿಟಿ 64. ಸಿಟಿಗೆ ಒಂದು ಪಂದ್ಯ ಹೆಚ್ಚು ಬಾಕಿಯಿತ್ತು, ಅಷ್ಟೇ.

ಆ ಲೀಗನ್ನು ನಾವು ಕಳೆದುಕೊಂಡದ್ದು ನಿಜ. ಆದರೆ ಯಾವಾಗ, ಯಾರೆದುರು, ಯಾಕೆ ಕಳೆದುಕೊಂಡೆವು ಎಂಬುದಕ್ಕೆ ಆ ರಾತ್ರಿಯ ಕೋಣೆಯಲ್ಲಿ ಸಿಕ್ಕ ಉತ್ತರ ತಪ್ಪಾಗಿತ್ತು. ಪ್ರಶಸ್ತಿಗೆ ಪೈಪೋಟಿ ನಡೆಸುವ ಎದುರಾಳಿ ನಮ್ಮ ಅಂಗಳಕ್ಕೇ ಬಂದು ಗೆದ್ದುಹೋದಾಗಲೆಲ್ಲ ಇದೇ ನಡೆಯುತ್ತದೆ. ನೋವು ಸಾಚಾ, ಅದರ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೆ ಆ ನೋವಿನ ಸಿಟ್ಟು ಹೋಗಿ ಬೀಳುವುದು ತಪ್ಪು ಪಂದ್ಯದ ಮೇಲೆ, ಬಹಳ ಸಲ ತಪ್ಪು ಮನುಷ್ಯನ ಮೇಲೆ. ಲೀಗ್ ಫುಟ್‌ಬಾಲ್ ನಡೆಯುವ ಬಗೆಯೇ ಇದಕ್ಕೆ ಕಾರಣ. ಅದನ್ನು ಕೂಡಿ ಕಳೆದು ನೋಡಬೇಕು.

ಮೊದಲು ಆ ಪಂದ್ಯವನ್ನೇ ನೋಡೋಣ. ಮೊದಲಾರ್ಧದಲ್ಲಿ ಚೆಂಡು ಬಹುಪಾಲು ಆರ್ಸೆನಲ್ ಬಳಿಯೇ ಇತ್ತು. ಸಿಟಿ ಕೋಚ್ ಪೆಪ್ ಗಾರ್ಡಿಯೋಲಾ ಮಿಡ್‌ಫೀಲ್ಡರ್ ಬರ್ನಾರ್ಡೊ ಸಿಲ್ವಾ ಅವರನ್ನು ಎಡಬದಿಯ ರಕ್ಷಣೆಗೆ ಇಳಿಸಿದ್ದರು. ಆರ್ಸೆನಲ್‌ನ ಬುಕಾಯೊ ಸಾಕಾ ಅವರನ್ನು ತಡೆಯಲು ಸಿಲ್ವಾ ಪರದಾಡುತ್ತಿದ್ದರು. 24ನೇ ನಿಮಿಷದಲ್ಲಿ ತೊಮಿಯಾಸು ಹಿಂದೆ ಗೋಲ್‌ಕೀಪರ್‌ಗೆಂದು ತಳ್ಳಿದ ಚೆಂಡಿಗೆ ಸಾಕಷ್ಟು ವೇಗ ಇರಲಿಲ್ಲ. ಸಿಟಿಯ ಕೆವಿನ್ ಡಿ ಬ್ರೂಯ್ನ ಓಡಿಬಂದವರೇ ಚೆಂಡನ್ನು ನಿಲ್ಲಿಸಿಕೊಳ್ಳಲೂ ಇಲ್ಲ. ಮುಂದೆ ಬಂದಿದ್ದ ಗೋಲ್‌ಕೀಪರ್ ಆ್ಯರನ್ ರಾಮ್ಸ್‌ಡೇಲ್ ತಲೆಯ ಮೇಲಿಂದ ಚೆಂಡನ್ನು ಎಡಗಾಲಿನಲ್ಲಿ ಹಾರಿಸಿ ಗೋಲಿಗೆ ಹಾಕಿದರು. ಆರ್ಸೆನಲ್‌ನ ಎಡ್ಡಿ ಎನ್‌ಕೆಟಿಯಾ ಮೇಲೆ ಸಿಟಿ ಗೋಲ್‌ಕೀಪರ್ ಎಡರ್ಸನ್ ಎರಗಿದ್ದಕ್ಕೆ ಸಿಕ್ಕ ಪೆನಾಲ್ಟಿಯನ್ನು 42ನೇ ನಿಮಿಷದಲ್ಲಿ ಸಾಕಾ ಗೋಲಾಗಿಸಿದರು. ವಿರಾಮಕ್ಕೆ 1–1.

ಪಂದ್ಯ ತಿರುಗಿದ್ದು 61ನೇ ನಿಮಿಷದಲ್ಲಿ. ಗಾರ್ಡಿಯೋಲಾ ರಿಯಾದ್ ಮಾಹ್ರೆಜ್ ಅವರನ್ನು ಹಿಂದಕ್ಕೆ ಕರೆಸಿಕೊಂಡು ರಕ್ಷಣಾ ಆಟಗಾರ ಮಾನುಯೆಲ್ ಅಕಾಂಜಿ ಅವರನ್ನು ಕಳುಹಿಸಿದರು. ಸಿಲ್ವಾ ತಮ್ಮ ನಿಜವಾದ ಜಾಗಕ್ಕೆ ಮರಳಿದರು. ಹನ್ನೊಂದು ನಿಮಿಷಗಳ ಬಳಿಕ ಆರ್ಸೆನಲ್ ತನ್ನ ಅರ್ಧದಲ್ಲಿ ಚೆಂಡು ಕಳೆದುಕೊಂಡಿತು, ಜಾಕ್ ಗ್ರೀಲಿಷ್ ಹೊಡೆದರು, ಚೆಂಡು ತೊಮಿಯಾಸು ಅವರಿಗೇ ತಗುಲಿ ದಿಕ್ಕು ಬದಲಿಸಿ ಒಳಗೆ ಹೋಯಿತು. 82ನೇ ನಿಮಿಷದಲ್ಲಿ ಎರ್ಲಿಂಗ್ ಹಾಲಂಡ್ ಮೂರನೆಯದನ್ನು ಹೊಡೆದರು. ಸಿಟಿ ಗೆದ್ದದ್ದು ಬೆಂಚಿನ ಮೇಲಿದ್ದ ಆಟಗಾರರ ಗುಣಮಟ್ಟದಿಂದ, ಕೋಚ್ ತನ್ನದೇ ಯೋಜನೆಯನ್ನು ನಡುವೆ ತಿದ್ದಿಕೊಂಡ ಚಾಣಾಕ್ಷತನದಿಂದ. ನಮಗೆ ಕಂಡದ್ದು ಒಂದು ಬ್ಯಾಕ್ ಪಾಸ್ ಮಾತ್ರ.

ಈಗ ಅಂಕಗಳ ವಿಚಾರ. ಪಂದ್ಯಕ್ಕೆ ಮುಂಚೆ ಆರ್ಸೆನಲ್ 21 ಪಂದ್ಯಗಳಿಂದ 51 ಅಂಕ, ಸಿಟಿ 22 ಪಂದ್ಯಗಳಿಂದ 48. ಬೇರೆ ಯಾವುದೇ ತಂಡದೆದುರು ಸೋತರೆ ನಮಗೆ ಮೂರು ಅಂಕ ತಪ್ಪುತ್ತದೆ, ಅಷ್ಟೇ. ಪ್ರಶಸ್ತಿಯ ಎದುರಾಳಿಯೆದುರು ಸೋತರೆ ನಮಗೆ ತಪ್ಪಿದ ಆ ಮೂರೂ ನೇರವಾಗಿ ಅವರ ಖಾತೆಗೆ ಜಮೆಯಾಗುತ್ತದೆ. ಗೆದ್ದಿದ್ದರೆ ಆರು ಅಂಕ ಮುಂದಿರುತ್ತಿದ್ದವರು ಸೋತು ಸಮಸಮಕ್ಕೆ ಇಳಿಯುತ್ತಾರೆ. ಇಂಗ್ಲೆಂಡಿನಲ್ಲಿ ಇಂಥವನ್ನು ಆರು ಅಂಕಗಳ ಪಂದ್ಯವೆಂದು ಕರೆಯುವುದು ಇದಕ್ಕೇ.

ಋತುವಿನ ಕೊನೆಯಲ್ಲಿ ಸಿಟಿ 89, ಆರ್ಸೆನಲ್ 84. ಫೆಬ್ರವರಿಯ ಆ ಪಂದ್ಯ ಡ್ರಾ ಆಗಿದ್ದರೆ? 87–85, ಸಿಟಿಯೇ ಚಾಂಪಿಯನ್. ಆರ್ಸೆನಲ್ ಗೆದ್ದಿದ್ದರೆ? ಆಗ 87 ನಮ್ಮದು, 86 ಅವರದು; ಒಂದು ಅಂಕದಿಂದ ಲೀಗ್ ನಮ್ಮದಾಗುತ್ತಿತ್ತು. ಉಳಿದೆಲ್ಲ ಫಲಿತಾಂಶ ಹಾಗೇ ಇದ್ದರೆ ಎಂಬ ಷರತ್ತು ಇದಕ್ಕಿದೆ, ಆದರೂ ಅಭಿಮಾನಿಯ ಮೂರು ಗಂಟೆಯ ತೀರ್ಪಿಗೆ ಇಲ್ಲಿ ಒಂದು ಆಧಾರ ಸಿಕ್ಕಿತಲ್ಲ ಎನ್ನಬಹುದು. ಒಪ್ಪುತ್ತೇನೆ. ಆದರೆ ಇದೇ ತಕ್ಕಡಿಯಲ್ಲಿ ಉಳಿದ ಪಂದ್ಯಗಳನ್ನೂ ತೂಗಬೇಕಲ್ಲವೇ?

ಏಪ್ರಿಲ್ 9, ಲಿವರ್‌ಪೂಲ್ ಅಂಗಳ: 2–0 ಮುಂದಿದ್ದು 2–2. ಏಪ್ರಿಲ್ 16, ವೆಸ್ಟ್ ಹ್ಯಾಮ್ ಅಂಗಳ: ಮತ್ತೆ 2–0 ಮುಂದಿದ್ದು 2–2, ನಡುವೆ ಸಾಕಾ ಪೆನಾಲ್ಟಿಯನ್ನು ಗೋಲಾಗಿಸದೆ ಕೈಚೆಲ್ಲಿದರು. ಏಪ್ರಿಲ್ 21, ನಮ್ಮದೇ ಎಮಿರೇಟ್ಸ್‌ನಲ್ಲಿ, ಅಂಕಪಟ್ಟಿಯ ತಳದಲ್ಲಿದ್ದ ಸೌತಾಂಪ್ಟನ್ ಎದುರು 3–3. ಹದಿಮೂರು ದಿನಗಳಲ್ಲಿ ಆರು ಅಂಕ ಸೋರಿಹೋಯಿತು. ಆ ಆರನ್ನು 84ಕ್ಕೆ ಕೂಡಿಸಿದರೆ 90. ಸಿಟಿ ಪಡೆದದ್ದು 89. ಅಂದರೆ ಎಮಿರೇಟ್ಸ್‌ನಲ್ಲಿ ಸಿಟಿಯೆದುರು ಸೋತು, ಏಪ್ರಿಲ್ 26ರಂದು ಮ್ಯಾಂಚೆಸ್ಟರ್‌ನಲ್ಲಿ 4–1ರಿಂದ ಮತ್ತೆ ಸೋತು, ಎರಡೂ ಪಂದ್ಯಗಳಲ್ಲಿ ಬರಿಗೈಯಾಗಿದ್ದರೂ ಲೀಗ್ ಗೆಲ್ಲಬಹುದಾಗಿತ್ತು. ಸೌತಾಂಪ್ಟನ್ ಪಂದ್ಯದ ನಂತರ ನಮ್ಮ ಕೋಣೆಯಲ್ಲಿ ಯಾರೂ ಕೋಚ್ ಬದಲಾವಣೆಯ ಮಾತು ಆಡಲಿಲ್ಲ. ಬೇಸರವಿತ್ತು, ಅದು ಸಿಟ್ಟಾಗಲಿಲ್ಲ. ನನಗೆ ಇಂದಿಗೂ ಸಂಕಟವಾಗುವುದು ಇದಕ್ಕೆ.

ಇನ್ನೂ ಒಂದು ಪಂದ್ಯ ಎಲ್ಲರ ನೆನಪಿನಿಂದ ಜಾರಿಹೋಗಿದೆ. ಸಿಟಿ ಪಂದ್ಯಕ್ಕೆ ನಾಲ್ಕೇ ದಿನ ಮುಂಚೆ, ಫೆಬ್ರವರಿ 11ರಂದು, ಬ್ರೆಂಟ್‌ಫರ್ಡ್ ಎದುರು ತವರಿನಲ್ಲೇ 1–1 ಡ್ರಾ. ಬ್ರೆಂಟ್‌ಫರ್ಡ್ ಹೊಡೆದ ಗೋಲಿನ ಹಿಂದೆ ಆಫ್‌ಸೈಡ್ ತಪ್ಪು ಇತ್ತು; ಅದು ಗೋಲೇ ಆಗಬಾರದಿತ್ತು. ವಿಡಿಯೋ ತೀರ್ಪುಗಾರರು ಗೆರೆ ಎಳೆದು ಪರಿಶೀಲಿಸುವುದನ್ನೇ ಮರೆತರು. ತೀರ್ಪುಗಾರರ ಸಂಸ್ಥೆಯೇ ಅದು ತಮ್ಮವರ ತಪ್ಪೆಂದು ಒಪ್ಪಿಕೊಂಡಿತು. ಎರಡು ಅಂಕ ಹಾಗೆ ಹೋಯಿತು. ಅದರ ಬಗ್ಗೆ ಎರಡು ದಿನ ಮಾತಾಡಿ ಬಿಟ್ಟೆವು, ಏಕೆಂದರೆ ಎದುರಾಳಿ ಬ್ರೆಂಟ್‌ಫರ್ಡ್ ಆಗಿತ್ತು.

ಅಸಲು ಕಾರಣಕ್ಕೆ ಬಂದರೆ, ಮಾರ್ಚ್ 16ರ ರಾತ್ರಿಯನ್ನು ನೋಡಬೇಕು. ಅಂದು ಯುರೋಪಿನ ಕ್ಲಬ್‌ಗಳ ಟೂರ್ನಿಯಾದ ಯುರೋಪಾ ಲೀಗ್‌ನಲ್ಲಿ ಸ್ಪೋರ್ಟಿಂಗ್ ಲಿಸ್ಬನ್ ಎದುರು ಆಡುವಾಗ ಫ್ರಾನ್ಸ್‌ನ ರಕ್ಷಣಾ ಆಟಗಾರ ವಿಲಿಯಂ ಸಲಿಬಾ ಗಾಯಗೊಂಡರು. ಆ ಋತುವಿನಲ್ಲಿ ಅವರು ಮತ್ತೆ ಆಡಲಿಲ್ಲ. ಸಲಿಬಾ ಆಡಿದ 27 ಲೀಗ್ ಪಂದ್ಯಗಳಲ್ಲಿ ಆರ್ಸೆನಲ್ ಬಿಟ್ಟುಕೊಟ್ಟದ್ದು 25 ಗೋಲು. ಅವರಿಲ್ಲದ ಕೊನೆಯ 11 ಪಂದ್ಯಗಳಲ್ಲಿ 18. ಒಂದು ಪಂದ್ಯಕ್ಕೆ ಒಂದಕ್ಕಿಂತ ಕಡಿಮೆ ಇದ್ದದ್ದು ಒಂದೂವರೆ ದಾಟಿತು. ಅದೇ ರಾತ್ರಿ ಗಾಯಗೊಂಡ ಇನ್ನೊಬ್ಬರು ಯಾರು ಗೊತ್ತೇ? ಬೇಸಿಗೆಯಲ್ಲಿ ಮಾರಿಬಿಡಬೇಕೆಂದು ನಾವು ತೀರ್ಮಾನಿಸಿದ್ದ ತೊಮಿಯಾಸು. ಅವರ ಋತುವೂ ಅಲ್ಲಿಗೇ ಮುಗಿಯಿತು. ಇಬ್ಬರು ರಕ್ಷಕರನ್ನು ಒಟ್ಟಿಗೆ ಕಳೆದುಕೊಂಡ ತಂಡಕ್ಕೆ ಬೆಂಚಿನಲ್ಲಿ ಅಷ್ಟೇ ತೂಕದ ಬದಲಿಗಳಿರಲಿಲ್ಲ. ಇತ್ತ ಸಿಟಿ ಫಾರೆಸ್ಟ್ ಡ್ರಾ ನಂತರ ಲೀಗ್‌ನಲ್ಲಿ ಸತತ 12 ಪಂದ್ಯ ಗೆದ್ದಿತು. 248 ದಿನ ಅಗ್ರಸ್ಥಾನದಲ್ಲಿದ್ದೂ ಪ್ರಶಸ್ತಿ ಗೆಲ್ಲದ ತಂಡವೆಂಬ ಬೇಡದ ದಾಖಲೆ ಆರ್ಸೆನಲ್ ಪಾಲಿಗೆ ಬಂತು.

ಮರುವರ್ಷದ ಕಥೆ ಈ ವಾದಕ್ಕೆ ಇನ್ನೂ ಬಲ ಕೊಡುತ್ತದೆ. 2023–24ರಲ್ಲಿ ಆರ್ಸೆನಲ್ ತವರಿನಲ್ಲಿ ಸಿಟಿಯನ್ನು 1–0ರಿಂದ ಸೋಲಿಸಿತು, ಮ್ಯಾಂಚೆಸ್ಟರ್‌ನಲ್ಲಿ 0–0 ಡ್ರಾ ಮಾಡಿಕೊಂಡಿತು. ಲಿವರ್‌ಪೂಲ್ ತಂಡವನ್ನೂ ತವರಿನಲ್ಲಿ 3–1ರಿಂದ ಮಣಿಸಿತು. ಹಿಂದಿನ ಫೆಬ್ರವರಿಯಲ್ಲಿ ನಾವು ಬೇಡಿದ್ದೆಲ್ಲ ಕೈಗೂಡಿತ್ತು. ಆದರೂ ಸಿಟಿ 91, ಆರ್ಸೆನಲ್ 89. ಲೀಗ್ ಹೋದದ್ದು ಡಿಸೆಂಬರ್ 28ರಂದು ವೆಸ್ಟ್ ಹ್ಯಾಮ್ ಎದುರು, ಏಪ್ರಿಲ್ 14ರಂದು ಆಸ್ಟನ್ ವಿಲ್ಲಾ ಎದುರು. ಎರಡೂ ತವರಿನಲ್ಲಿ, ಎರಡೂ 0–2. ಈ ಎರಡರಲ್ಲಿ ಯಾವುದಾದರೂ ಒಂದನ್ನು ಗೆದ್ದಿದ್ದರೂ 92 ಅಂಕ ಸಾಕಿತ್ತು. ಎರಡೂ ತಂಡಗಳು ಪ್ರಶಸ್ತಿಯ ಎದುರಾಳಿಗಳಲ್ಲ. ಆ ರಾತ್ರಿಗಳ ಬಗ್ಗೆ ಇಂದು ಯಾರನ್ನಾದರೂ ಕೇಳಿ, ಗೋಲು ಹೊಡೆದವರ ಹೆಸರು ಹೇಳುವವರು ಕಡಿಮೆ.

ಹಾಗಾದರೆ ಎದುರಾಳಿಯ ಕೈಯಲ್ಲಿ ತವರಿನಲ್ಲಿ ಸೋತದ್ದೇ ಯಾಕೆ ಇಷ್ಟು ಆಳಕ್ಕೆ ಇಳಿಯುತ್ತದೆ? ನಿರೀಕ್ಷೆಯ ಕಾರಣಕ್ಕೆ. ತವರಿನ ಅಂಗಳ ಎಂಬುದು ಕೇವಲ ಭಾವನೆಯಲ್ಲ, ಅದಕ್ಕೆ ನಿಜವಾದ ಬೆಲೆಯಿದೆ. ಕೋವಿಡ್ ಕಾಲದಲ್ಲಿ ಅದು ಕಣ್ಣಿಗೆ ಕಟ್ಟುವಂತೆ ಸಾಬೀತಾಯಿತು. ಬಹುತೇಕ ಖಾಲಿ ಗ್ಯಾಲರಿಗಳ ಮುಂದೆ ನಡೆದ 2020–21ರ ಇಂಗ್ಲಿಷ್ ಪ್ರೀಮಿಯರ್ ಲೀಗ್‌ನ 380 ಪಂದ್ಯಗಳಲ್ಲಿ ತವರಿನ ತಂಡ ಗೆದ್ದದ್ದು 144, ಹೊರಗಿನಿಂದ ಬಂದ ತಂಡ ಗೆದ್ದದ್ದು 153. ಇಂಗ್ಲೆಂಡಿನ ಉನ್ನತ ಲೀಗ್‌ನ ಇತಿಹಾಸದಲ್ಲಿ ಹಾಗಾದದ್ದು ಅದೇ ಮೊದಲು. ತನ್ನ ಅಂಗಳ ಆನ್‌ಫೀಲ್ಡ್‌ನಲ್ಲಿ ಸತತ 68 ಲೀಗ್ ಪಂದ್ಯ ಸೋಲದಿದ್ದ ಲಿವರ್‌ಪೂಲ್ 2021ರ ಜನವರಿ 21ರಂದು ಬರ್ನ್ಲಿಗೆ ಸೋತದ್ದೇ ತಡ, ಅದೂ ಸೇರಿ ತವರಿನಲ್ಲಿ ಸಾಲಾಗಿ ಆರು ಪಂದ್ಯ ಸೋತಿತು. ಅವುಗಳಲ್ಲಿ ಒಂದು ಫೆಬ್ರವರಿ 7ರಂದು ಸಿಟಿಯೆದುರು 1–4. ಜಗತ್ತಿನ ಅತ್ಯುತ್ತಮ ಗೋಲ್‌ಕೀಪರ್‌ಗಳಲ್ಲಿ ಒಬ್ಬರಾದ ಅಲಿಸನ್ ಅಂದು ಚೆಂಡನ್ನು ಎರಡು ಬಾರಿ ಎದುರಾಳಿಯ ಕಾಲಿಗೇ ಒಪ್ಪಿಸಿದರು. ಗ್ಯಾಲರಿಯ ಕೂಗು ತೀರ್ಪುಗಾರನ ಮೇಲೂ ಒತ್ತಡ ಹಾಕುತ್ತದೆ. ಪ್ರೇಕ್ಷಕರಿಲ್ಲದ ಆ ತಿಂಗಳುಗಳಲ್ಲಿ ಪ್ರವಾಸಿ ತಂಡಗಳಿಗೆ ಬೀಳುತ್ತಿದ್ದ ಹಳದಿ ಕಾರ್ಡುಗಳು ಕಡಿಮೆಯಾದದ್ದನ್ನು ಸಂಶೋಧಕರು ಹಲವು ಲೀಗ್‌ಗಳಲ್ಲಿ ಕಂಡಿದ್ದಾರೆ.

ಆದ್ದರಿಂದ ತವರಿನಲ್ಲಿ ನಾವು ಗೆಲುವನ್ನು ಹಕ್ಕೆಂದೇ ಭಾವಿಸಿ ಕೂರುತ್ತೇವೆ. ಹಾಗೆ ಕುಳಿತವನಿಗೆ ಸೋಲು ಏನು ಮಾಡುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಗಾರ್ಡನ್ ಡಾಲ್ 2011ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ಕಾರ್ಡ್ ಮುಂದೆ 2021ರಲ್ಲಿ ನೊಬೆಲ್ ಪಡೆದವರು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಗೆದ್ದೇ ಗೆಲ್ಲುತ್ತದೆ ಎಂದುಕೊಂಡಿದ್ದ ಊರಿನ ತಂಡ ಸೋತ ದಿನ, ಆ ಪ್ರದೇಶದ ಮನೆಗಳಲ್ಲಿ ಗಂಡಸರು ಹೆಂಡತಿ ಅಥವಾ ಸಂಗಾತಿಯ ಮೇಲೆ ಕೈಮಾಡುವ ಪ್ರಕರಣಗಳು ಸುಮಾರು ಶೇ 10ರಷ್ಟು ಹೆಚ್ಚಾದವು. ಸಮಬಲದ ಪಂದ್ಯವೆಂದು ಮೊದಲೇ ಎಣಿಸಿದ್ದ ಪಂದ್ಯಗಳಲ್ಲಿ ಸೋತಾಗ ಅಂಥ ಏರಿಕೆ ಕಾಣಲಿಲ್ಲ. ಸೋಲಿಗಿಂತ, ಎಣಿಕೆಗೂ ಫಲಿತಾಂಶಕ್ಕೂ ನಡುವಿನ ಬಿರುಕು ಮನುಷ್ಯನನ್ನು ಕೆರಳಿಸುತ್ತದೆ ಎಂದಾಯಿತು. ಅಭಿಮಾನದ ಬಗ್ಗೆ ಬರೆಯುವಾಗ ಈ ಸಂಖ್ಯೆಯನ್ನು ಬದಿಗೆ ಸರಿಸುವುದು ನನ್ನಿಂದಾಗದು. ಪಂದ್ಯ ಮುಗಿದ ಮೇಲೆ ಮನೆಯ ಬಾಗಿಲು ತೆರೆಯುವವಳಿಗೆ ಆಫ್‌ಸೈಡ್ ತೀರ್ಪಿಗೂ ತನಗೂ ಯಾವ ಸಂಬಂಧವೂ ಇರುವುದಿಲ್ಲ.

ಏಳೆಂಟು ಸಾವಿರ ಕಿಲೋಮೀಟರ್ ದೂರದ ಅಂಗಳವನ್ನು ದಾವಣಗೆರೆಯವರು ತವರೆನ್ನುವುದು ಹೇಗೆ ಎಂದು ನಮ್ಮ ಹಿರಿಯರು ಕೇಳುತ್ತಾರೆ. ಪಿ.ಜೆ. ಬಡಾವಣೆಯಲ್ಲಿ ಬೆಣ್ಣೆ ದೋಸೆಗೆ ಕಾಯುತ್ತ ನಿಂತಾಗ ಮೈಮೇಲಿನ ಕೆಂಪು ಜೆರ್ಸಿ ನೋಡಿ ಒಬ್ಬರು ನನ್ನನ್ನೂ ಕೇಳಿದ್ದರು. ಅವರಿಗೆ ಮೈಸೂರಿನ ಗಂಗೋತ್ರಿ ಗ್ಲೇಡ್ಸ್ ನೆನಪಿದ್ದರೆ ಸಾಕು, ಉತ್ತರ ಅಲ್ಲೇ ಇದೆ. 2010ರ ಜನವರಿಯಲ್ಲಿ ರಣಜಿ ಫೈನಲ್, ಎದುರಾಳಿ ಮುಂಬೈ, ಕರ್ನಾಟಕಕ್ಕೆ ಗೆಲ್ಲಲು 338 ರನ್ ಬೇಕಿತ್ತು. ಮನೀಶ್ ಪಾಂಡೆ 144 ಹೊಡೆದರು. ಕರ್ನಾಟಕ 331ಕ್ಕೆ ಆಲೌಟ್; ಆರು ರನ್ ಸೋಲು. ನಮ್ಮೂರಿನ ಆರ್. ವಿನಯ್ ಕುಮಾರ್ ಆ ತಂಡದಲ್ಲಿದ್ದರು. ದಾವಣಗೆರೆಯಿಂದ ಮೈಸೂರೂ ಹತ್ತಿರವೇನಲ್ಲ. ಅಂದು ಇಲ್ಲಿನ ಟಿ.ವಿ. ಅಂಗಡಿಗಳ ಮುಂದೆ ನಿಂತವರು ಯಾರೂ ದೂರ ಅಳೆಯಲಿಲ್ಲ. ಅದೇ ವಿನಯ್ ನಾಯಕತ್ವದಲ್ಲಿ ಕರ್ನಾಟಕ 2013–14 ಮತ್ತು 2014–15ರಲ್ಲಿ ಬೆನ್ನುಬೆನ್ನಿಗೆ ರಣಜಿ ಗೆದ್ದಿತು.

ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ 2025ರ ಐಪಿಎಲ್. ಏಪ್ರಿಲ್ 18ರಂದು ಮಳೆಯಿಂದ 14 ಓವರ್‌ಗಳಿಗೆ ಇಳಿದ ಪಂದ್ಯದಲ್ಲಿ ಪಂಜಾಬ್ ಕಿಂಗ್ಸ್ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಬಂದು ಆರ್‌ಸಿಬಿಯನ್ನು ಐದು ವಿಕೆಟ್‌ಗಳಿಂದ ಸೋಲಿಸಿತು. ಆ ಋತುವಿನಲ್ಲಿ ಆರ್‌ಸಿಬಿಗೆ ತವರಿನಲ್ಲಿ ಅದು ಸತತ ಮೂರನೇ ಸೋಲು. ಈ ಸಲವೂ ಅಷ್ಟೇ ಎಂದು ಊರಿಗೆ ಊರೇ ಮಾತಾಡಿತು. ಎರಡು ದಿನಗಳಲ್ಲಿ ಪಂಜಾಬಿನ ತವರಾದ ಮುಲ್ಲನ್‌ಪುರದಲ್ಲಿ, ಆಮೇಲೆ ಮೊದಲ ಕ್ವಾಲಿಫೈಯರ್‌ನಲ್ಲಿ, ಕೊನೆಗೆ ಜೂನ್ 3ರ ಫೈನಲ್‌ನಲ್ಲಿ, ಹೀಗೆ ಅದೇ ಪಂಜಾಬನ್ನು ಆರ್‌ಸಿಬಿ ಮೂರು ಸಲ ಸೋಲಿಸಿ ಕಪ್ ಎತ್ತಿತು.

ಎಲ್ಲ ತವರಿನ ಸೋಲುಗಳೂ ಒಂದೇ ತೂಕದವಲ್ಲ, ಇದನ್ನೂ ಹೇಳಬೇಕು. 2011ರ ಅಕ್ಟೋಬರ್ 23ರಂದು ಓಲ್ಡ್ ಟ್ರಾಫರ್ಡ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತನ್ನದೇ ಊರಿನ ಸಿಟಿಯೆದುರು 1–6ರಿಂದ ಸೋತಿತು. 47ನೇ ನಿಮಿಷದಲ್ಲಿ ಜಾನಿ ಎವನ್ಸ್ ಕೆಂಪು ಕಾರ್ಡ್ ಪಡೆದು ಹೊರನಡೆದರೂ ಯುನೈಟೆಡ್ ಬಾಗಿಲು ಮುಚ್ಚಿಕೊಂಡು ಆಡಲಿಲ್ಲ. 81ನೇ ನಿಮಿಷದಲ್ಲಿ 1–3 ಮಾಡಿದ ಮೇಲಂತೂ ಇನ್ನಷ್ಟು ಮುಂದೆ ನುಗ್ಗಿತು. 89ನೇ ನಿಮಿಷದಿಂದ ಪಂದ್ಯ ಮುಗಿಯುವುದರೊಳಗೆ ಮೂರು ಗೋಲು ಬಿತ್ತು. ಋತುವಿನ ಕೊನೆಗೆ ಇಬ್ಬರಿಗೂ 89 ಅಂಕ. ಗೋಲು ಅಂತರ, ಅಂದರೆ ಹೊಡೆದ ಗೋಲುಗಳಲ್ಲಿ ಬಿಟ್ಟುಕೊಟ್ಟದ್ದನ್ನು ಕಳೆದು ಉಳಿದದ್ದು, ಸಿಟಿಗೆ 64, ಯುನೈಟೆಡ್‌ಗೆ 56. ಎಂಟು ಗೋಲಿನಿಂದ ಲೀಗ್ ಹೋಯಿತು.

ಆ ಕೊನೆಯ ಮೂರು ಗೋಲುಗಳೇ ಪ್ರಶಸ್ತಿ ಕಸಿದವು ಎಂದು ಯುನೈಟೆಡ್ ಅಭಿಮಾನಿಗಳು ಇಂದಿಗೂ ಹೇಳುತ್ತಾರೆ. ಕೂಡಿ ಕಳೆದು ನೋಡಿ. ಪಂದ್ಯ 1–3ರಲ್ಲಿ ಮುಗಿದಿದ್ದರೆ ಸಿಟಿ 61, ಯುನೈಟೆಡ್ 59; ಆಗಲೂ ಸಿಟಿಯೇ ಮುಂದು. ವ್ಯತ್ಯಾಸವಾಗುತ್ತಿದ್ದದ್ದು ಕೊನೆಯ ದಿನ, 2012ರ ಮೇ 13ರಂದು. ಅಂದು ಸಂಡರ್‌ಲ್ಯಾಂಡ್‌ನಲ್ಲಿ ಯುನೈಟೆಡ್ 1–0ರಿಂದ ಗೆದ್ದಿತು. ಅಂತರ ಅಷ್ಟು ಕಿರಿದಾಗಿದ್ದರೆ ಇನ್ನಷ್ಟು ಗೋಲು ಹೊಡೆಯುವ ಆಸೆಯಾದರೂ ಉಳಿದಿರುತ್ತಿತ್ತು. ಸಿಟಿಯ ಸರ್ಗಿಯೊ ಅಗ್ವೆರೊ ಕೊನೆಗಳಿಗೆಯಲ್ಲಿ ಹೊಡೆದ ಗೋಲು ಎಲ್ಲವನ್ನೂ ಮುಗಿಸಿತು. ಆದರೆ ಆರು ಪಂದ್ಯ ಬಾಕಿ ಇದ್ದಾಗ ಯುನೈಟೆಡ್ ಎಂಟು ಅಂಕ ಮುಂದಿತ್ತು ಎಂಬುದನ್ನು ಮರೆಯಬಾರದು. ವಿಗನ್ ಅಂಗಳದಲ್ಲಿ 0–1 ಸೋಲು, ತವರಿನಲ್ಲಿ ಎವರ್ಟನ್ ಎದುರು 4–2 ಮುಂದಿದ್ದು 4–4 ಡ್ರಾ, ಸಿಟಿ ಅಂಗಳದಲ್ಲಿ 0–1. ಲೀಗನ್ನು ಕೈಬಿಟ್ಟದ್ದು ಅಲ್ಲಿ. 1–6 ಎಲ್ಲರ ಬಾಯಲ್ಲಿದೆ, ವಿಗನ್ ಯಾರ ಬಾಯಲ್ಲೂ ಇಲ್ಲ.

ಒಬ್ಬ ಆಟಗಾರನ ತಲೆಗೆ ಇಡೀ ಋತುವನ್ನು ಕಟ್ಟುವುದರಲ್ಲಿ ಲಿವರ್‌ಪೂಲ್‌ನ ಸ್ಟೀವನ್ ಜೆರಾರ್ಡ್ ಅವರಿಗೆ ಆದಷ್ಟು ಅನ್ಯಾಯ ಬೇರಾರಿಗೂ ಆಗಿಲ್ಲ. 2014ರ ಏಪ್ರಿಲ್ 27ರಂದು ಆನ್‌ಫೀಲ್ಡ್‌ನಲ್ಲಿ ಚೆಲ್ಸಿ ಎದುರು ಅವರ ಕಾಲು ಜಾರಿತು, ಡೆಂಬಾ ಬಾ ಚೆಂಡು ಕಸಿದು ಗೋಲು ಹೊಡೆದರು, ಲಿವರ್‌ಪೂಲ್ 0–2ರಿಂದ ಸೋತಿತು. ಅಂದು ಡ್ರಾ ಮಾಡಿಕೊಂಡು ಉಳಿದೆರಡು ಪಂದ್ಯ ಗೆದ್ದಿದ್ದರೂ 87 ಅಂಕವಾಗಿ ಸಿಟಿಯ 86ನ್ನು ದಾಟಬಹುದಿತ್ತು. ಹಾಗಿರುವಾಗ ಗೆಲುವಿಗಾಗಿ ಇಡೀ ತಂಡವನ್ನು ಮುಂದೆ ತಳ್ಳಿದ ತಂತ್ರ ಯಾರದು? ಎಂಟು ದಿನಗಳ ನಂತರ ಕ್ರಿಸ್ಟಲ್ ಪ್ಯಾಲೆಸ್ ಎದುರು 79ನೇ ನಿಮಿಷದವರೆಗೆ 3–0 ಮುಂದಿದ್ದು 3–3 ಮಾಡಿಕೊಂಡ ರಕ್ಷಣೆ ಯಾರದು? ಎದುರಾಳಿಗಳ ಗ್ಯಾಲರಿಗಳು ಹಾಡುಕಟ್ಟಿದ್ದು ಜಾರಿದ ಕಾಲಿನ ಮೇಲೆ ಮಾತ್ರ.

ಸ್ಪೇನಿನಲ್ಲಿ ಇದಕ್ಕೆ ತದ್ವಿರುದ್ಧದ ಕಥೆಯಿದೆ. 2017ರ ಏಪ್ರಿಲ್ 23ರಂದು ರಿಯಲ್ ಮ್ಯಾಡ್ರಿಡ್‌ನ ಅಂಗಳ ಬರ್ನಬೌನಲ್ಲಿ ಬಾರ್ಸಿಲೋನಾ 3–2ರಿಂದ ಗೆದ್ದಿತು. ಇಂಜುರಿ ಸಮಯದಲ್ಲಿ ಗೋಲು ಹೊಡೆದ ಲಯೊನೆಲ್ ಮೆಸ್ಸಿ ಜೆರ್ಸಿ ಕಳಚಿ ಮ್ಯಾಡ್ರಿಡ್ ಪ್ರೇಕ್ಷಕರತ್ತ ಹಿಡಿದು ನಿಂತರು. ಆ ಚಿತ್ರ ಜಗತ್ತಿನೆಲ್ಲೆಡೆ ಹರಡಿತು. ಲೀಗ್ ಗೆದ್ದದ್ದು ರಿಯಲ್ ಮ್ಯಾಡ್ರಿಡ್, 93–90ರಿಂದ. ಅಂದಿನ ಸೋಲಿನ ನಂತರ ಉಳಿದ ಪಂದ್ಯಗಳನ್ನೆಲ್ಲ ಅದು ಗೆದ್ದುಕೊಂಡಿತು.

ನಮ್ಮ ರಾಜ್ಯದ ಬೆಂಗಳೂರು ಎಫ್‌ಸಿಗೆ ಬಂದರೆ ಲೆಕ್ಕ ಇನ್ನೂ ಕಹಿ. 2015ರ ಮೇ 31ರಂದು ಕಂಠೀರವದಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಆದ ಐ–ಲೀಗ್‌ನ ಕೊನೆಯ ಪಂದ್ಯ. ಮೋಹನ್ ಬಾಗಾನ್‌ಗೆ ಡ್ರಾ ಸಾಕು, ನಮಗೆ ಗೆಲುವೇ ಬೇಕು. ಜಾನ್ ಜಾನ್ಸನ್ ಗೋಲಿನಿಂದ 1–0 ಮುಂದಿದ್ದೆವು. 87ನೇ ನಿಮಿಷದಲ್ಲಿ ಬಾಗಾನ್‌ನ ಬೆಲ್ಲೊ ರಝಾಕ್ ತಲೆಯಿಂದ ಹೊಡೆದು ಸಮ ಮಾಡಿದರು. ಬಾಗಾನ್ 39 ಅಂಕ, ಬೆಂಗಳೂರು 37. ಇನ್ನು 2018ರ ಮಾರ್ಚ್ 17ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್. ಲೀಗ್ ಹಂತದಲ್ಲಿ ಬೆಂಗಳೂರು 40 ಅಂಕ ಪಡೆದು, ಎರಡನೇ ಸ್ಥಾನದ ಚೆನ್ನೈಯಿನ್‌ಗಿಂತ ಎಂಟು ಅಂಕ ಮುಂದಿತ್ತು. ಸುನಿಲ್ ಛೆಟ್ರಿ 9ನೇ ನಿಮಿಷದಲ್ಲೇ ಗೋಲು ಹೊಡೆದರು. ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ಎರಡು ಕಾರ್ನರ್‌ಗಳಿಗೆ ಎರಡು ಸಲ ತಲೆಕೊಟ್ಟು ಗೋಲು ಹೊಡೆದರು, ರಫಾಯೆಲ್ ಅಗಸ್ಟೊ ಮೂರನೆಯದನ್ನು ಸೇರಿಸಿದರು. ಮಿಕು ಇಂಜುರಿ ಸಮಯದಲ್ಲಿ ಹೊಡೆದರೂ 2–3. ಎಂಟು ಅಂಕಗಳ ಮುನ್ನಡೆ ಒಂದೇ ಸಂಜೆಯಲ್ಲಿ ಬೆಲೆ ಕಳೆದುಕೊಂಡಿತು. ಅಂಕಪಟ್ಟಿಯಲ್ಲಿ ಮೊದಲಿದ್ದವರಿಗೆ ಶೀಲ್ಡ್ ಕೊಡುವ ಪದ್ಧತಿ ಶುರುವಾದದ್ದೇ 2019–20ರಿಂದ. ಆ ರಾತ್ರಿ ಕಂಠೀರವದಿಂದ ರೈಲು ನಿಲ್ದಾಣಕ್ಕೆ ಹೋದ ನಮ್ಮ ಜಿಲ್ಲೆಯ ಹುಡುಗರ ಸಿಟ್ಟು ಸರಿಯಾದ ಪಂದ್ಯದ ಮೇಲೇ ಇತ್ತು, ಏಕೆಂದರೆ ಫೈನಲ್‌ಗೆ ಮುಂದಿನ ವಾರ ಎಂಬುದಿಲ್ಲ.

ಲೀಗ್ ಮತ್ತು ಫೈನಲ್ ನಡುವಿನ ಈ ವ್ಯತ್ಯಾಸ ಈಗ ಭಾರತದ ಫುಟ್‌ಬಾಲ್‌ನಲ್ಲಿ ಅಳಿಸಿಹೋಗುತ್ತಿದೆ. 2025ರ ಜುಲೈನಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಒಕ್ಕೂಟ ಮತ್ತು ಅದರ ವಾಣಿಜ್ಯ ಪಾಲುದಾರ ಸಂಸ್ಥೆಯ ನಡುವಿನ ಹಕ್ಕುಗಳ ಒಪ್ಪಂದ ನವೀಕರಣವಾಗದೆ ಐಎಸ್‌ಎಲ್ ಸ್ಥಗಿತಗೊಂಡಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟಾವಧಿಗೆ ತಡೆಹಿಡಿಯಬೇಕಾಯಿತು. ಕೊನೆಗೆ 2026ರ ಫೆಬ್ರವರಿ 14ರಿಂದ ಆರಂಭವೆಂದು ಪ್ರಕಟವಾದ ಲೀಗ್‌ನಲ್ಲಿ 14 ತಂಡ, 91 ಪಂದ್ಯ. ಎಂದರೆ ಒಂದು ತಂಡ ಇನ್ನೊಂದನ್ನು ಎದುರಿಸುವುದು ಒಂದೇ ಸಲ. ತಲಾ 13 ಪಂದ್ಯ, ಗರಿಷ್ಠ 39 ಅಂಕ.

ಇಂಗ್ಲೆಂಡಿನಲ್ಲಿ 38 ಪಂದ್ಯಗಳಿಂದ 114 ಅಂಕಗಳಿಗೆ ಹೋರಾಟ. ಅಲ್ಲಿ ಎದುರಾಳಿಯೆದುರು ತವರಿನಲ್ಲಿ ಸೋತ ಮೂರು ಅಂಕವನ್ನು ಮರುಪಂದ್ಯದಲ್ಲಿ ಕಸಿದುಕೊಳ್ಳಬಹುದು, ಸೌತಾಂಪ್ಟನ್ ಎದುರು ಗೆದ್ದು ತುಂಬಿಸಿಕೊಳ್ಳಬಹುದು, ಗಾಯಗೊಂಡವರು ಮರಳುವವರೆಗೆ ಕಾಯಬಹುದು. 39 ಅಂಕಗಳ ಲೀಗ್‌ನಲ್ಲಿ ಈ ಯಾವ ಅವಕಾಶಕ್ಕೂ ಜಾಗವಿಲ್ಲ. ಯಾವ ಎದುರಾಳಿ ನಮ್ಮ ಅಂಗಳಕ್ಕೆ ಬರಬೇಕು, ಯಾರ ಅಂಗಳಕ್ಕೆ ನಾವು ಹೋಗಬೇಕು ಎಂಬುದು ವೇಳಾಪಟ್ಟಿ ಬರೆಯುವವರ ಕೈಯಲ್ಲಿರುತ್ತದೆ. ಒಬ್ಬರಿಗೆ ತವರಿನ ಅನುಕೂಲ ಸಿಕ್ಕರೆ ಇನ್ನೊಬ್ಬರಿಗೆ ಅದನ್ನು ತಿರುಗಿಸಿ ಕೊಡುವ ಪಂದ್ಯವೇ ಇಲ್ಲ. ಕಂಠೀರವದಲ್ಲಿ ಪ್ರಶಸ್ತಿಯ ಎದುರಾಳಿಗೆ ಸೋತ ರಾತ್ರಿ ‘ಲೀಗ್ ಕೈತಪ್ಪಿತು’ ಎನ್ನುವ ಬೆಂಗಳೂರು ಅಭಿಮಾನಿಗೆ ನಾನು ಯಾವ ಸಂಖ್ಯೆ ತೋರಿಸಿ ಸಮಾಧಾನ ಹೇಳಲಿ? ದಾವಣಗೆರೆಯಿಂದ, ಚಿತ್ರದುರ್ಗದಿಂದ ಬಸ್ಸು ಹತ್ತಿ ಹೋಗಿ ಗ್ಯಾಲರಿ ತುಂಬಿಸುವ ಹುಡುಗರು ಒಕ್ಕೂಟದ ಮುಂದೆ ಇಡಬೇಕಾದ ಮೊದಲ ಬೇಡಿಕೆ ಎರಡು ಸುತ್ತುಗಳ ಪೂರ್ಣ ಲೀಗ್: ಪ್ರತಿ ಎದುರಾಳಿಯೂ ಒಮ್ಮೆ ನಮ್ಮಲ್ಲಿಗೆ ಬರಬೇಕು, ಒಮ್ಮೆ ನಾವು ಅವರಲ್ಲಿಗೆ ಹೋಗಬೇಕು, ಮತ್ತು ಆ ವೇಳಾಪಟ್ಟಿ ಋತು ಶುರುವಾಗುವ ತಿಂಗಳುಗಳ ಮುಂಚೆಯೇ ನಮ್ಮ ಕೈಯಲ್ಲಿರಬೇಕು.